ಕರಡಿಯ ಬೆನ್ನು

"ಅಜ್ಜಾರ, ನೇಮ ಮುರಿಯದವನಿಗೂ ಪಾಪ ಹತ್ತತೈತೇನ್ರಿ?"

ಹೀಗೆ ಕೇಳಿದವನು ಪಡದಯ್ಯ. ಗುಡ್ಡದ ಮೇಲಿನ ಚಿಕ್ಕ ಮಠದಲ್ಲಿ ಅಡಿಗೆಮನೆ ಅವನ ಪಾಲಿಗಿತ್ತು. ಹನ್ನೆರಡು ವರ್ಷ ರೊಟ್ಟಿ ಬಡಿದು ಅವನ ಅಂಗೈ ಹಂಚಿನ ಹಾಗೆ ಗಟ್ಟಿಯಾಗಿತ್ತು. ಮಠದಲ್ಲಿದ್ದವರು ಇಬ್ಬರೇ, ಗುರುಗಳು ಮತ್ತು ಅವನು. ಮಠಕ್ಕೆ ಇದ್ದ ನೇಮವೂ ಒಂದೇ. ಹೊಸ್ತಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು.

ಆ ನೇಮವನ್ನು ಪಡದಯ್ಯ ಒಂದು ದಿನವೂ ಮುರಿದವನಲ್ಲ. ಆದರೆ ಆ ವರ್ಷ ಶ್ರಾವಣದಲ್ಲಿ ಮಂದಿ ಹೆಚ್ಚಾಯಿತು. ಒಂದು ಪಂಕ್ತಿ ಏಳುವಷ್ಟರಲ್ಲಿ ಇನ್ನೊಂದು ಕೂರುತ್ತಿತ್ತು. ಭಾದ್ರಪದ ಬಂದರೂ ಕಡಿಮೆಯಾಗಲಿಲ್ಲ. ಒಲೆಯ ಮುಂದೆ ಕೂತು ಕೂತು ಅವನ ಸೊಂಟ ಸೋತಿತು. ಒಂದು ಬೆಳಿಗ್ಗೆ ಕೊಡಲಿ ತೆಗೆದುಕೊಂಡು ಹೋಗಿ, ಜಾಲಿಯ ಟೊಂಗೆ ಕಡಿದು ತಂದು, ಮೆಟ್ಟಿಲು ಶುರುವಾಗುವಲ್ಲಿ ಅಡ್ಡ ಹಾಕಿದ. ಆಡು ನುಗ್ಗಿ ಪೂಜೆಯ ಹೂಗಿಡ ಮೇಯುತ್ತವೆ ಎಂದು ಗುರುಗಳಿಗೆ ಹೇಳಿದ. ಗುರುಗಳು ಹೂಂ ಎಂದರು. ಟೊಂಗೆ ಎಳೆಯುವಾಗ ಒಂದು ಮುಳ್ಳು ಎಡ ಮೊಣಕೈಯ ಕೆಳಗೆ ನಟ್ಟು ಒಳಗೇ ಮುರಿಯಿತು. ಅಂದಿನ ಅವಸರದಲ್ಲಿ ಅದನ್ನು ತೆಗೆಯದೆ ಹಾಗೇ ಬಿಟ್ಟ.

ಬೇಲಿಯ ಒಂದು ಮಗ್ಗುಲಿಗೆ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಸಂದು ಬಿಟ್ಟಿದ್ದ. ಕಾಲು ಗಟ್ಟಿ ಇದ್ದವರು ನುಸುಳಿ ಬಂದರು. ಉಳಿದವರು ಕೆಳಗಿನಿಂದಲೇ ತಿರುಗಿದರು. ನಲವತ್ತು ಮಂದಿಯ ಪಂಕ್ತಿ ನಾಲ್ಕು ಮಂದಿಗೆ ಇಳಿಯಿತು.

ನಿನ್ನೆ ಸೋಮವಾರ. ಪ್ರತಿ ಸೋಮವಾರ ಬರುವ ಮುದುಕನೊಬ್ಬ ಬಂದ. ಊಟದ ಗಂಗಾಳವನ್ನು ಎದೆಗೆ ಅವುಚಿಕೊಂಡು ಮುಳ್ಳಿನ ಆಚೆ ಬಹಳ ಹೊತ್ತು ನಿಂತ. ಪಡದಯ್ಯ ಮೇಲಿನ ಕಟ್ಟೆಯಿಂದ ಅವನನ್ನು ನೋಡಿದ. ಕರೆಯಲಿಲ್ಲ. ಮುದುಕ ಮಠದ ಕಡೆಗೆ ಕೈಮುಗಿದು ಬಂದ ದಾರಿಯಲ್ಲೇ ಹೋದ.

ಮುದುಕ ಹೊಸ್ತಿಲಿಗೆ ಬಂದಿರಲಿಲ್ಲ. ನೇಮ ಮುರಿದಿರಲಿಲ್ಲ. ಆದರೂ ನಿನ್ನೆಯಿಂದ ಪಡದಯ್ಯನಿಗೆ ತಾನೇ ಬಡಿದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಇದೊಂದನ್ನೂ ಅವನು ಗುರುಗಳಿಗೆ ಹೇಳಲಿಲ್ಲ. ಪ್ರಶ್ನೆಯನ್ನಷ್ಟೇ ಕೇಳಿದ.

ಕೆಳಗಿನ ಮೆಟ್ಟಿಲು ಕಾಣುವ ಬಾಗಿಲ ಬೆಳಕಿಗೆ ಗುರುಗಳು ಎಂದಿನಂತೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರಿಗೆ?" ಎಂದರು.

"ಯಾರಿಗಾದ್ರೂ ರೀ. ಸುಮ್ನ ಕೇಳಿದೆ."

"ಸುಮ್ನ ಕೇಳಿದವನ ಮಾರಿ ಹಿಂಗ ಬಾಡಂಗಿಲ್ಲ ಪಡದಯ್ಯ. ಕುಂದರು. ಮೊರದ ಆ ಕಡೆ ಹಿಡಿ. ನೀ ಕಲ್ಲು ಹಳ್ಳು ಆರಿಸು, ನಾ ಒಂದು ಕತಿ ಹೇಳತೀನಿ."

ಪಡದಯ್ಯ ಹೆಗಲ ಮೇಲಿನ ವಸ್ತ್ರವನ್ನು ಎಡಗೈ ಮೇಲೆ ಇಳಿಬಿಟ್ಟುಕೊಂಡು ಕೂತ. ಗುರುಗಳು ಹೇಳಿದರು.

ಒಂದು ಗುಡ್ಡದ ಬುಡದಲ್ಲಿ ಬೇಟೆಗಾರರ ಹಟ್ಟಿ ಇತ್ತು. ಗುಡ್ಡವೆಂದರೆ ಮಣ್ಣಿನದಲ್ಲ, ಬಂಡೆಯ ಮೇಲೆ ಬಂಡೆ. ಬಂಡೆಗಳ ಸಂದಿನಲ್ಲಿ ಗವಿಗಳು. ಗವಿಗಳಲ್ಲಿ ಕರಡಿಗಳು. ಮಳೆ ಇಳಿಮುಖವಾಗಿ ಭಾದ್ರಪದ ಹಿಡಿಯಿತೆಂದರೆ ಗುಡ್ಡದ ತುಂಬ ಸೀತಾಫಲ ಬಲಿತು ಕಣ್ಣು ಬಿಡುತ್ತಿತ್ತು. ಕೆಳಗಿನ ಹೊಲಗಳಲ್ಲಿ ಶೇಂಗಾ ಕಾಯಿ ಕಟ್ಟುತ್ತಿತ್ತು. ಹೊತ್ತು ಇಳಿಯುವ ಮೊದಲೇ ಕರಡಿಗಳು ಗವಿ ಬಿಟ್ಟು ಹೊರಬೀಳುತ್ತಿದ್ದವು. ವರ್ಷವಿಡೀ ಗೆದ್ದಲು ಹೀರಿ ಬದುಕುವ ಪ್ರಾಣಿಗೆ ಅದೊಂದೇ ಸುಗ್ಗಿ. ಆ ಎರಡು ತಿಂಗಳಲ್ಲಿ ಅವುಗಳ ಮೈಗೆ ಕೊಬ್ಬು ಬರುತ್ತಿತ್ತು. ಕರಡಿಯ ಕೊಬ್ಬು ಹಚ್ಚಿದರೆ ಕೀಲುನೋವು ಹೋಗುತ್ತದೆಂದು ಜನ ನಂಬಿದ್ದರು. ಹಾಗಾಗಿ ಹಟ್ಟಿಯವರ ಕರಡಿ ಬೇಟೆ ನಡೆಯುತ್ತಿದ್ದುದು ಭಾದ್ರಪದದಿಂದ ದೀಪಾವಳಿಯವರೆಗೆ.

ಆ ಹಟ್ಟಿಗೂ ಒಂದು ನೇಮವಿತ್ತು. ಬೆನ್ನು ನೋಡದೆ ಕರಡಿಗೆ ಗುರಿ ಇಡಬಾರದು.

ತಾಯಿಕರಡಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹೆಗಲ ನಡುವೆ ಉದ್ದ ಕೂದಲಿರುತ್ತದೆ. ಮರಿಗಳು ಅದನ್ನು ಹಿಡಿದು ಕೂರುತ್ತವೆ. ದೀಪಾವಳಿಯ ಹೊತ್ತಿಗೆ ಮರಿ ದೊಡ್ಡದಾಗಿ ಬೆನ್ನಿಳಿದು ನಡೆಯುತ್ತದೆ. ಅಲ್ಲಿಯವರೆಗೆ ಬೆನ್ನು ತುಂಬಿದ್ದರೆ ತಾಯಿ, ಖಾಲಿ ಇದ್ದರೆ ಗಂಡು. ಗಂಡಿಗೆ ಗುಂಡು, ತಾಯಿಗೆ ದಾರಿ ಎಂದು ಹಟ್ಟಿಯ ಹಿರಿಯರು ಹೇಳುತ್ತಿದ್ದರು. ಕಲಿಯುವವನಿಗೆ ಬಂದೂಕು ಕೊಡುವ ಮೊದಲು ಈ ಮಾತು ಕೊಡುತ್ತಿದ್ದರು.

ನೇಮ ಮುರಿದವನಿಗೆ ದಂಡವಿತ್ತು. ಹಟ್ಟಿಯ ನಡುವೆ ಬೇವಿನ ಕಟ್ಟೆ. ತಪ್ಪು ಮಾಡಿದವನು ತನ್ನ ಬಂದೂಕನ್ನು ತಾನೇ ತಂದು ಆ ಬೇವಿನ ಕೊಂಬೆಗೆ ತೂಗುಹಾಕಬೇಕು. ಒಂದು ವರ್ಷ ಅದು ಅಲ್ಲೇ ತೂಗಬೇಕು. ನೀರಿಗೆ ಹೋಗುವ ಹೆಂಗಸರು ನೋಡಬೇಕು, ಬಂದ ಬೀಗರು ನೋಡಬೇಕು. ವರ್ಷ ತುಂಬಿದ ದಿನ ಹಿರಿಯನೊಬ್ಬ ಅದನ್ನು ಇಳಿಸಿ, ಧೂಳು ಒರೆಸಿ, ಅವನ ಕೈಗೆ ಕೊಡುತ್ತಿದ್ದ. ಆಮೇಲೆ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಿದವನಿಗೂ ದಂಡವಿತ್ತು.

ಆ ಹಟ್ಟಿಯಲ್ಲಿ ಒಬ್ಬ ಬೇಟೆಗಾರ. ಅವನ ತಂದೆಯ ಬಂದೂಕು ಎರಡು ಸಲ ಬೇವಿಗೆ ತೂಗಿತ್ತು. ಗಾಳಿಗೆ ಅದು ಕೊಂಬೆಗೆ ಬಡಿಯುವ ಸದ್ದನ್ನು ಅವನು ಎಳೆವಯಸ್ಸಿನಲ್ಲಿ ಕೇಳಿದ್ದ. ತನ್ನ ಬಂದೂಕು ಬೇವಿನ ನೆರಳು ಕಾಣಬಾರದು ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿದ್ದ. ಇಪ್ಪತ್ತು ವರ್ಷದ ಬೇಟೆಯಲ್ಲಿ ಒಂದು ಸಲವೂ ಕಾಣಲಿಲ್ಲ. ಅವನ ಮನೆಯಲ್ಲಿ ಬೇರೆ ಆಸ್ತಿ ಇರಲಿಲ್ಲ. ಈ ಹೆಸರೇ ಆಸ್ತಿ.

ಒಂದು ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಗುಡ್ಡದಲ್ಲಿ ಹುಲ್ಲು ಎದೆಮಟ್ಟ ಬೆಳೆಯಿತು. ಹುಲ್ಲಿನಲ್ಲಿ ಕರಡಿ ನಡೆದರೆ ತುದಿ ಅಲುಗುವುದು ಕಾಣುತ್ತಿತ್ತು, ಬೆನ್ನು ಕಾಣುತ್ತಿರಲಿಲ್ಲ. ಬಂಡೆಗಳ ಸಂದಿನಲ್ಲಿ ಎದುರಾದರೆ ಮುಖ ಕಾಣುತ್ತಿತ್ತು, ಎದೆಯ ಬಿಳಿ ಗುರುತು ಕಾಣುತ್ತಿತ್ತು, ಬೆನ್ನು ಕಾಣುತ್ತಿರಲಿಲ್ಲ. ಬೇಟೆಗಾರ ಹತ್ತು ಸಲ ಬಂದೂಕು ಎತ್ತಿದ, ಹತ್ತು ಸಲ ಇಳಿಸಿದ. ಭಾದ್ರಪದ ಅರ್ಧ ಕಳೆಯಿತು. ಅವನು ಬರಿಗೈಯಲ್ಲಿ ಗುಡ್ಡ ಇಳಿಯುವುದನ್ನು ಕಟ್ಟೆಯ ಮೇಲೆ ಕೂತವರು ದಿನವೂ ನೋಡಿದರು.

ಒಂದು ಸಂಜೆ ಒಬ್ಬ ಕೂಗಿ ಕೇಳಿದ. "ಏನಪಾ, ಕರಡಿ ನೋಡಾಕ ಹೋಗ್ತೀಯೋ, ಕನ್ಯಾ ನೋಡಾಕ ಹೋಗ್ತೀಯೋ? ದಿನಾ ನೋಡಿ ಬರತಿ, ಒಂದೂ ಒಪ್ಪಿಗಿ ಆಗವಲ್ದು!"

ಕಟ್ಟೆ ನಕ್ಕಿತು. ಇನ್ನೊಬ್ಬ ಸೇರಿಸಿದ. "ಬೆನ್ನು ತೋರಿಸು ಅಂತ ಹೆಂಗ ಕೇಳತಾನ ಪಾಪ, ನಾಚಿಕಿ ಸ್ವಭಾವ."

ಅವನೂ ನಕ್ಕ. ಆದರೆ ಆ ನಗೆ ಮನೆ ಮುಟ್ಟುವಷ್ಟರಲ್ಲಿ ಒಣಗಿತು. ಮನೆಯ ಮುಂದೆ ಕೆಳಗಿನ ಹೊಲದ ರೈತ ಕಾಯುತ್ತ ಕೂತಿದ್ದ.

"ಅಣ್ಣಾ, ನಾ ಬಿತ್ತಿದ ಶೇಂಗಾ ಕರಡಿ ಕೀಳತೈತಿ," ಎಂದ ರೈತ. "ನಿನ್ನಿ ನನ್ನ ತಮ್ಮ ಕೂಗಿ ಓಡಸಾಕ ಹೋದ. ತಿರುಗಿ ನಿಂತು ಮೈಮ್ಯಾಲ ಬಂತು. ಸ್ವಲ್ಪದಾಗ ಉಳಕೊಂಡ. ನೀ ನೋಡಿದ್ರ ನೇಮ ಅಂತಿ. ನಿನ್ನ ನೇಮ ನಮ್ಮನ್ನ ಕಾಯತೈತೇನು?"

ಬೇಟೆಗಾರ ರೈತನನ್ನು ಕಳಿಸಿ ಒಳಗೆ ಹೋದ. ಆ ಮಾತು ನಿಜವಾಗಿತ್ತು. ನೇಮವೂ ನಿಜವಾಗಿತ್ತು. ಎರಡೂ ನಿಜಗಳ ನಡುವೆ ಅವನು ಮಲಗಿದ. ಬೆಳಗಾಗುವಾಗ ಅವನಿಗೆ ಒಂದು ಉಪಾಯ ಸಿಕ್ಕಿತು.

ಗುಡ್ಡದ ನಡುವೆ ಒಂದು ಹಾಸುಬಂಡೆ ಇತ್ತು. ಅದರ ಮೇಲೆ ಹುಲ್ಲಿಲ್ಲ, ಗಿಡವಿಲ್ಲ. ಒಂದು ಪಕ್ಕಕ್ಕೆ ಒಂದು ಗುಂಡುಬಂಡೆ. ಎದುರಿಗೆ, ಎತ್ತರದಲ್ಲಿ, ಮನುಷ್ಯ ಅಡಗಿ ಕೂರಲು ಒಂದು ಪೊಟರೆ. ಹಾಸುಬಂಡೆಯ ಮೇಲೆ ಹಣ್ಣು ರಾಶಿ ಹಾಕಿದರೆ ಕರಡಿ ಬಯಲಿಗೆ ಬರುತ್ತದೆ. ತಿನ್ನಲು ತಲೆ ಬಗ್ಗಿಸುತ್ತದೆ. ಆಗ ಬೆನ್ನು ಪೂರ್ತಿ ಕಾಣುತ್ತದೆ. ಮರಿ ಇದ್ದರೆ ಬಿಡಬಹುದು. ಇಲ್ಲದಿದ್ದರೆ ಹೊಡೆಯಬಹುದು. ಹಟ್ಟಿಯಲ್ಲಿ ಅದುವರೆಗೆ ಯಾರೂ ಹೀಗೆ ಮಾಡಿರಲಿಲ್ಲ. ಮಾಡಬಾರದೆಂದೂ ಯಾರೂ ಹೇಳಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಬುಟ್ಟಿ ತೆಗೆದುಕೊಂಡು ಹೋದರು. ಕಣ್ಣು ಬಿಟ್ಟ ಸೀತಾಫಲ ಕಿತ್ತರು. ಹುಲ್ಲಿನಲ್ಲಿ ಮುಚ್ಚಿಟ್ಟು ಮೂರು ದಿನಕ್ಕೆ ಹಣ್ಣು ಮಾಡಿದರು. ಮನೆಯೆಲ್ಲ ಘಮಘಮ ಎಂದಿತು.

ಹೆಂಡತಿ ಬುಟ್ಟಿ ತುಂಬುತ್ತ ಕೇಳಿದಳು. "ಕರಡಿಗೆ ಬೀಗರ ಊಟ ಹಾಕಸ್ತೀಯೇನು?"

"ಉಣ್ಣಾಕ ತಲಿ ಬಗ್ಗಿಸಿದ್ರ ಬೆನ್ನು ಕಾಣತೈತಿ. ನೇಮ ಉಳಿಸಾಕ ಇದಕಿಂತ ಚೊಲೋ ದಾರಿ ಇಲ್ಲ."

ಅವಳು ಒಪ್ಪಿದಳು. ನೇಮದ ಹೆಸರು ಕೇಳಿದ ಮೇಲೆ ಒಪ್ಪದೆ ಏನು ಮಾಡುತ್ತಾಳೆ? ಮಕ್ಕಳಿಗೆಂದು ತೆಗೆದಿಟ್ಟ ನಾಲ್ಕು ಹಣ್ಣನ್ನೂ ಬುಟ್ಟಿಗೆ ಹಾಕಿದಳು.

ಅವನು ಹಣ್ಣು ಹೊತ್ತು ಹೋಗಿ ಹಾಸುಬಂಡೆಯ ನಡುವೆ ಸುರಿದ. ಬಂಡೆ ಒಂದು ಮಗ್ಗುಲಿಗೆ ಇಳಿಜಾರು. ಕೆಲವು ಹಣ್ಣು ಉರುಳಿ ಗುಂಡುಬಂಡೆಯ ಹಿಂದಕ್ಕೆ ಹೋದವು. ಹೋಗಲಿ ಬಿಡು ಎಂದುಕೊಂಡ. ಮೊದಲ ದಿನ ಯಾವುದೂ ಬರಲಿಲ್ಲ. ಎರಡನೆಯ ದಿನ ಮುಳ್ಳುಹಂದಿ ತಿಂದು ಹೋಗಿತ್ತು. ಅವನು ಮತ್ತೆ ರಾಶಿ ಹಾಕಿದ. ಮೂರನೆಯ ದಿನ ರಾಶಿ ಕಾಲುಭಾಗಕ್ಕೆ ಇಳಿದಿತ್ತು. ಬಂಡೆಯ ಮೇಲೆ ಉಗುರಿನ ಗೀರುಗಳಿದ್ದವು. ನಾಲ್ಕನೆಯ ದಿನ ಹೊತ್ತು ಬಾಗುವ ಮೊದಲೇ ಅವನು ಬಂದೂಕಿಗೆ ಮದ್ದು ತುಂಬಿ ಪೊಟರೆಯಲ್ಲಿ ಕೂತ.

ಬಿಸಿಲು ಕೆಂಪಾಗುವ ಹೊತ್ತಿಗೆ ಹುಲ್ಲು ಅಲುಗಿತು. ಅಲುಗಾಟ ಗುಂಡುಬಂಡೆಯವರೆಗೆ ಬಂತು. ಅಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು. ವಾಸನೆ ಹಿಡಿದು ಅನುಮಾನ ಪಡುತ್ತಿದೆ ಎಂದು ಅವನು ತಿಳಿದ. ಉಸಿರು ಬಿಗಿಹಿಡಿದ. ಬಂಡೆಯ ಹಿಂದೆ ಅದು ಅಷ್ಟು ಹೊತ್ತು ಏನು ಮಾಡುತ್ತಿದೆ ಎಂದು ಕೇಳಿಕೊಳ್ಳಲಿಲ್ಲ.

ಆಮೇಲೆ ಕರಡಿ ಬಯಲಿಗೆ ಬಂತು. ದೊಡ್ಡ ಕರಡಿ. ಕಪ್ಪು ಕೂದಲು ಮಳೆಗಾಲದ ಮೇವಿಗೆ ಮಿಂಚುತ್ತಿತ್ತು. ನೇರ ರಾಶಿಗೆ ಹೋಗಿ ತಲೆ ಬಗ್ಗಿಸಿತು. ಅವನು ಬೆನ್ನು ನೋಡಿದ. ಖಾಲಿ. ಮತ್ತೊಮ್ಮೆ ನೋಡಿದ. ಖಾಲಿ. ಇಪ್ಪತ್ತು ವರ್ಷದ ಹೆಸರನ್ನು ನೆನೆದು ಮೂರನೆಯ ಸಲವೂ ನೋಡಿದ. ಹೆಗಲಿನಿಂದ ಸೊಂಟದವರೆಗೆ ಬೆನ್ನು ಬರಿದಾಗಿತ್ತು.

ಗುಂಡು ಹಾರಿತು. ಕರಡಿ ಮನುಷ್ಯರ ಹಾಗೆ ನರಳಿತು. ಎರಡು ಹೆಜ್ಜೆ ಗುಂಡುಬಂಡೆಯ ಕಡೆಗೆ ಹೋಗಿ ಬೋರಲು ಬಿತ್ತು. ರಾಶಿಯ ಕಡೆಗಲ್ಲ, ಗವಿಯ ಕಡೆಗಲ್ಲ. ಗುಂಡುಬಂಡೆಯ ಕಡೆಗೆ.

ಹೊಗೆ ಇಳಿಯುವವರೆಗೆ ಕಾದು ಅವನು ಕೆಳಗೆ ಬಂದ. ಹತ್ತಿರ ಹೋಗುವಾಗ ಅವನಿಗೆ ಸಂತೋಷವೇ ಇತ್ತು. ನಾಳೆ ಕಟ್ಟೆಯವರ ಬಾಯಿ ಮುಚ್ಚುತ್ತದೆ. ರೈತನ ಬಾಯಿ ಮುಚ್ಚುತ್ತದೆ. ನೇಮ ಹಾಗೇ ಉಳಿದಿದೆ. ಹೀಗೆಂದುಕೊಳ್ಳುತ್ತಲೇ ಅವನು ಕರಡಿಯನ್ನು ಮಗ್ಗುಲಾಗಿ ತಳ್ಳಿ ನೋಡಿದ. ಹಾಲಿನ ಮೊಲೆ ಕಂಡಿತು.

ಕೈ ಬಿಟ್ಟ. ಕರಡಿ ಮತ್ತೆ ಬೋರಲಾಯಿತು.

ಆಗ ಗುಂಡುಬಂಡೆಯ ಹಿಂದಿನಿಂದ ಎರಡು ಮರಿ ಬಂದವು. ಅವುಗಳ ಮೂತಿಗೆ ಸೀತಾಫಲದ ಬಿಳಿ ತಿರುಳು ಮೆತ್ತಿತ್ತು. ಒಂದರ ಬಾಯಲ್ಲಿ ಇನ್ನೂ ಬೀಜವಿತ್ತು. ಅವು ಅವನನ್ನು ನೋಡಿದವು. ತಾಯಿಯನ್ನು ಮೂಸಿದವು. ಹೆದರಿದಾಗ ಏನು ಮಾಡಬೇಕೆಂದು ಅವುಗಳಿಗೆ ಗೊತ್ತಿದ್ದುದು ಒಂದೇ. ಕೂದಲು ಹಿಡಿದು ಒಂದರ ಹಿಂದೆ ಒಂದು ಬೆನ್ನೇರಿದವು. ಹೆಗಲ ನಡುವೆ ಕೂತವು. ಮುಂದಕ್ಕೆ ಮುಖ ಮಾಡಿ, ತಾಯಿ ಏಳುವುದನ್ನು ಕಾಯುತ್ತ ಕೂತವು.

ಈಗ ಬೆನ್ನು ತುಂಬಿತ್ತು.

ಬೇಟೆಗಾರ ಹುಶ್ ಎಂದ. ಕೈ ಬೀಸಿದ. ಮರಿಗಳು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡವು. ಒಂದನ್ನು ಎತ್ತಲು ಹೋದ. ಅದು ಕೂದಲು ಬಿಡಲಿಲ್ಲ, ಅವನ ಬೆರಳು ಕಚ್ಚಿತು. ಅವನು ದೂರ ಸರಿದು ಕೂತ. ಬಿಸಿಲು ಹೋಯಿತು. ಮರಿಗಳು ಇಳಿಯಲಿಲ್ಲ. ಕೊನೆಗೆ ಅವನೇ ಗುಡ್ಡ ಇಳಿದ.

ಮರುದಿನ ಬೆಳಿಗ್ಗೆ ನಾಲ್ಕು ಜನರನ್ನು ಕರೆದುಕೊಂಡು ಹೋದಾಗ ಮರಿಗಳಿರಲಿಲ್ಲ. ಚಿರತೆ ಒಯ್ದಿರಬೇಕು ಎಂದ ಒಬ್ಬ. ಗವಿ ಸೇರಿಕೊಂಡಿರಬೇಕು ಎಂದ ಇನ್ನೊಬ್ಬ. ನೆಲದಲ್ಲಿ ಯಾವ ಗುರುತೂ ಇರಲಿಲ್ಲ. ಬೇಟೆಗಾರ ಗುಂಡುಬಂಡೆಯ ಹಿಂದೆ ಹೋಗಿ ನೋಡಿದ. ಉರುಳಿ ಹೋದ ಹಣ್ಣಿನ ಸಿಪ್ಪೆಗಳು, ಬೀಜಗಳು ಬಿದ್ದಿದ್ದವು.

ಅಂದೇ ಅವನು ಬೇವಿನ ಕಟ್ಟೆಗೆ ಹೋದ. ಹಿರಿಯರನ್ನು ಕರೆಸಿದ. ನಡೆದದ್ದನ್ನೆಲ್ಲ ಹೇಳಿದ. ಹಣ್ಣಿನ ರಾಶಿಯನ್ನೂ ಮುಚ್ಚಿಡಲಿಲ್ಲ.

ಎಲ್ಲರಿಗಿಂತ ಹಿರಿಯನಾದವನು ಕೇಳಿದ. "ಬೆನ್ನು ನೋಡಿದೆಯಾ?"

"ನೋಡಿದೆ."

"ಖಾಲಿ ಇತ್ತಾ?"

"ಇತ್ತು. ಮೂರು ಸಲ ನೋಡಿದೆ."

"ಮತ್ತೇನೈತಿ ಹಂಗಾರ? ಅದರ ಹಣೆಬರಹ. ನೇಮ ಮುರಿದಿಲ್ಲ. ಎದ್ದು ಮನಿಗೆ ಹೋಗು. ಕೊಬ್ಬಿನಾಗ ನನ್ನ ಮೊಣಕಾಲಿಗೆ ಒಂದೀಟು ಕಳಸು."

ಕಟ್ಟೆ ಮತ್ತೆ ನಕ್ಕಿತು. ಈ ಸಲ ಅದು ಅವನನ್ನು ಹಂಗಿಸುವ ನಗೆಯಲ್ಲ, ಭುಜ ತಟ್ಟುವ ನಗೆ. ಅದು ಅವನಿಗೆ ಮೊದಲಿನದಕ್ಕಿಂತ ಹೆಚ್ಚು ಚುಚ್ಚಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ. "ನೇಮ ಮುರಿದಿಲ್ಲಂತ. ಬೆನ್ನು ಖಾಲಿ ಇತ್ತಲ್ಲ."

ಅವಳು ಒಲೆಯ ಮುಂದೆ ಕೂತಿದ್ದಳು. ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ಆಮೇಲೆ ತನಗೇ ಹೇಳಿಕೊಳ್ಳುವವಳ ಹಾಗೆ ಹೇಳಿದಳು. "ಎಲಿ ಹಾಕಿ ಕರದಾರಂದ್ರ ಕೂಸನ್ನ ಕಂಕುಳಾಗ ಯಾರು ಇಟಗೋತಾರ? ಉಣ್ಣಲಿ ಅಂತ ಇಳಸತಾರ. ನಾವ ಇಳಸಿದ್ವಿ. ಬುಟ್ಟಿ ತುಂಬಿದಾಕಿ ನಾನ."

ಅವನು ಉಣ್ಣದೆ ಎದ್ದ.

ಮರುದಿನ ಮತ್ತೆ ಕಟ್ಟೆಗೆ ಹೋದ. ಬಂದೂಕು ಕೈಯಲ್ಲಿತ್ತು. "ಇದನ್ನು ತೂಗುಹಾಕ್ತೀನಿ. ಒಂದು ವರ್ಷ ಅಲ್ಲ, ಎರಡು ವರ್ಷ ಇರಲಿ," ಎಂದ.

ಹಿರಿಯ ಬಂದೂಕಿಗೆ ಅಡ್ಡ ಕೈ ಇಟ್ಟ. "ನೇಮ ಉಳಿಸಿದವನ ಬಂದೂಕು ಬ್ಯಾವಿಗೆ ತೂಗಿದ್ರ ನಾಳೆ ನೇಮ ಯಾರು ಉಳಸತಾರೋ ಹುಚ್ಚಪ್ಪಾ? ದಂಡ ಅನ್ನೋದು ತಪ್ಪಿಗೆ. ನೀ ಬೇಡಿದಿ ಅಂತ ಕೊಡಾಕ ಅದೇನು ಸಂತ್ಯಾಗಿನ ಬೆಂಡು ಬತ್ತಾಸ?"

ಅವನು ಬಂದೂಕು ಹಿಡಿದು ಮನೆಗೆ ಬಂದ. ತಪ್ಪಿದವನಿಗೆ ಒಂದು ಕೊಂಬೆ ಇತ್ತು. ಒಂದು ವರ್ಷ ನಾಚಿಕೆಪಟ್ಟರೆ ಅವನದು ಮುಗಿಯುತ್ತಿತ್ತು. ತಂದೆಯದು ಎರಡು ಸಲ ಹಾಗೆ ಮುಗಿದಿತ್ತು. ಬಂದೂಕು ಇಳಿಸಿದ ದಿನ ತಂದೆ ನಕ್ಕದ್ದನ್ನು, ಅವ್ವ ಹೋಳಿಗೆ ಮಾಡಿದ್ದನ್ನು ಅವನು ನೆನೆದ. ತಪ್ಪದವನಿಗೆ ಆ ಕೊಂಬೆಯೂ ಇರಲಿಲ್ಲ. ಹೊರಗೆ ತೂಗಬೇಕಾದದ್ದು ಅವನ ಒಳಗೆ ತೂಗಿತು. ಗಾಳಿ ಇಲ್ಲದಾಗಲೂ ಬಡಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಅದು ಒಬ್ಬನ ನೋವಾಗಿ ಉಳಿಯುತ್ತಿತ್ತು. ಆದರೆ ಹಟ್ಟಿಯವರು ಅವನ ಕತೆಯಲ್ಲಿ ಮರಿಗಳನ್ನು ಮರೆತು ರಾಶಿಯನ್ನು ನೆನಪಿಟ್ಟುಕೊಂಡರು. ಮುಂದಿನ ಭಾದ್ರಪದದಲ್ಲಿ ಪ್ರತಿ ಬೇಟೆಗಾರನೂ ಒಂದೊಂದು ಬಂಡೆ ಆರಿಸಿಕೊಂಡ. ಮನೆಮನೆಯಲ್ಲೂ ಹುಲ್ಲಿನೊಳಗೆ ಸೀತಾಫಲ ಹಣ್ಣಾಯಿತು. ಗಂಡು ಬಂದಿತು, ತಾಯಿ ಬಂದಿತು. ಊಟಕ್ಕೆ ಬಗ್ಗಿದಾಗ ಎಲ್ಲದರ ಬೆನ್ನೂ ಖಾಲಿ. ಎಲ್ಲರೂ ನೋಡಿಯೇ ಹೊಡೆದರು. ಒಬ್ಬನೂ ನೇಮ ಮುರಿಯಲಿಲ್ಲ. ಆ ವರ್ಷ ಬೇವಿನ ಕೊಂಬೆಯಲ್ಲಿ ಒಂದು ಬಂದೂಕೂ ತೂಗಲಿಲ್ಲ. ನಮ್ಮ ಹಟ್ಟಿಯಂಥ ನೇಮಸ್ಥರ ಹಟ್ಟಿ ಇನ್ನೊಂದಿಲ್ಲ ಎಂದು ಹಿರಿಯರು ಹೆಮ್ಮೆಪಟ್ಟರು.

ಬೇಟೆಗಾರ ಮನೆಮನೆಗೆ ಹೋಗಿ ಹೇಳಿದ. ರಾಶಿ ಬೇಡ, ರಾಶಿ ಹಾಕಿದರೆ ಬೆನ್ನು ಸುಳ್ಳು ಹೇಳುತ್ತದೆ ಎಂದ.

"ರಾಶಿ ಹಾಕಾಕ ಕಲಿಸಿದವ ನೀನ," ಎಂದರು.

ಆಗ ಅವನು ಮಾತು ಬಿಟ್ಟ. ಮಧ್ಯಾಹ್ನ ಉಳಿದವರು ಉಂಡು ಅಡ್ಡಾದ ಹೊತ್ತಿನಲ್ಲಿ ಗುಡ್ಡ ಹತ್ತಿದ. ಒಂದೊಂದು ಬಂಡೆಗೂ ಹೋಗಿ ರಾಶಿಯನ್ನು ಕಾಲಿನಿಂದ ಚೆದುರಿಸಿದ. ಬುಟ್ಟಿಯಲ್ಲಿ ತುಂಬಿ ಕೊಳ್ಳಕ್ಕೆ ಸುರಿದ. ಹೆಂಡತಿ ಇನ್ನೊಂದು ಬುಟ್ಟಿ ಹಿಡಿದು ಜೊತೆಗೆ ಹೋದಳು. ಮೂರು ದಿನ ನಡೆಯಿತು. ನಾಲ್ಕನೆಯ ದಿನ ಸಿಕ್ಕಿಬಿದ್ದರು.

ಕಟ್ಟೆ ಸೇರಿತು. ಇನ್ನೊಬ್ಬನ ಬೇಟೆ ಕೆಡಿಸುವುದು ಆ ಹಟ್ಟಿಯಲ್ಲಿ ತಪ್ಪು. ಅದಕ್ಕೆ ಸಾಕ್ಷಿಯೂ ಇತ್ತು. ಹಿರಿಯ ಎರಡು ಮಾತು ಆಡಲಿಲ್ಲ.

"ತೂಗುಹಾಕು," ಎಂದ.

ಬೇಟೆಗಾರ ಮನೆಗೆ ಹೋಗಿ ಬಂದೂಕು ತಂದ. ಬೇವು ಹತ್ತಿ ಹಗ್ಗ ಬಿಗಿದ. ಇಳಿಯುವಾಗ ಅವನ ಕಣ್ಣಲ್ಲಿ ನೀರಿತ್ತು. ನಾಚಿಕೆಗೆ ಅಳುತ್ತಿದ್ದಾನೆ ಎಂದು ಜನ ತಿಳಿದರು. ಅವನು ಅಳುತ್ತಿದ್ದುದು ಬೇರೆಯದಕ್ಕೆ. ಬೇಡಿದ ದಂಡ ಕೊನೆಗೂ ಸಿಕ್ಕಿತ್ತು. ಆದರೆ ಮಾಡಿದ ಕೆಟ್ಟದ್ದಕ್ಕೆ ಸಿಗಲಿಲ್ಲ. ಮಾಡಿದ ಒಂದೇ ಒಂದು ಒಳ್ಳೆಯದಕ್ಕೆ ಸಿಕ್ಕಿತು.

ವರ್ಷ ತುಂಬಿದ ದಿನ ಹಿರಿಯ 'ಇಳಿಸಿಕೋ ಬಾ' ಎಂದು ಹೇಳಿಕಳಿಸಿದ. ಅವನು ಹೋಗಲಿಲ್ಲ. ಬಂದೂಕು ಅಲ್ಲೇ ತೂಗಿತು. ಬೇವಿನ ತೊಗಟೆ ಬೆಳೆದು ಹಗ್ಗವನ್ನು ನುಂಗಿತು. ಕಬ್ಬಿಣ ತುಕ್ಕು ಹಿಡಿಯಿತು. ಅವನು ರೈತನ ಹೊಲದಲ್ಲಿ ಕೂಲಿ ಮಾಡಿ ಹೊಟ್ಟೆ ಹೊರೆದ. ಭಾದ್ರಪದ ಬಂತೆಂದರೆ ಮಾತ್ರ ಸಂಜೆ ಹಾಸುಬಂಡೆಯ ಮೇಲೆ ಹೋಗಿ ಬರಿಗೈಯಲ್ಲಿ ಕೂರುತ್ತಿದ್ದ. ಹಾದುಹೋಗುವ ಕರಡಿಯ ಬೆನ್ನು ನೋಡುತ್ತಿದ್ದ. ಮರಿ ಹೊತ್ತ ಬೆನ್ನು ಕಂಡ ದಿನ ಮನೆಗೆ ಬಂದು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ. ವರ್ಷ ಕಳೆದಂತೆ ಅಂಥ ದಿನಗಳು ಕಡಿಮೆಯಾದವು. ಆಮೇಲೆ ಹುಲ್ಲು ಗಾಳಿಗೆ ಮಾತ್ರ ಅಲುಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಜೋಳ ಹಸನಾಗಿತ್ತು. ಪಡದಯ್ಯನ ಮುಂದೆ ಹಳ್ಳಿನ ಸಣ್ಣ ಗುಡ್ಡೆಯಾಗಿತ್ತು.

"ಆ ಮರಿ ಬದುಕಿದವೇನ್ರಿ ಅಜ್ಜಾರ?"

"ಅಂವ ಸಾಯೋತನಕ ಅದನ್ನ ಕೇಳಿದ. ಯಾರಿಗೂ ಗೊತ್ತಿರಲಿಲ್ಲ."

ಪಡದಯ್ಯ ಆರಿಸಿದ ಹಳ್ಳುಗಳನ್ನೇ ಮತ್ತೆ ಆರಿಸಿದ. ಅವನಿಗೆ ಒಂದು ಆಸರೆ ಬೇಕಾಗಿತ್ತು. ಸಿಕ್ಕ ಆಸರೆಯನ್ನು ಹಿಡಿದುಕೊಂಡ.

"ಆದ್ರೂ ರೀ, ಹಿರಿಯರು ಹೇಳಿದ್ದರಾಗ ಏನು ತಪ್ಪೈತಿ? ಅಂವ ನೋಡಿದಾಗ ಬೆನ್ನು ಖಾಲೀನ ಇತ್ತು. ನೇಮ ಎಲ್ಲಿ ಮುರೀತು? ಗುಂಡುಬಂಡಿ ಹಿಂದ ಏನೈತಿ ಅಂತ ಅಂವಗ ಹೆಂಗ ಗೊತ್ತಾಗಬೇಕು?"

ಗುರುಗಳು ಮೊರವನ್ನು ಪಕ್ಕಕ್ಕಿಟ್ಟರು. ಕೈ ಚಾಚಿ ಅವನ ಎಡಗೈ ಹಿಡಿದರು. ವಸ್ತ್ರ ಸರಿಸಿದರು. ಮೊಣಕೈಯ ಕೆಳಗೆ ಚರ್ಮ ಕೆಂಪಾಗಿ ಬಾತಿತ್ತು. ನಡುವೆ ಮುರಿದ ಮುಳ್ಳಿನ ಕಪ್ಪು ತುದಿ. ಅದನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿ ಗುರುಗಳು ಹೇಳಿದರು.

"ಆಡಿಗಂತ ಹಾಕಿದ ಮುಳ್ಳು, ಪಡದಯ್ಯ, ಒಂದು ಆಡಿಗೂ ನಟ್ಟಿಲ್ಲ; ಆ ಮುದುಕಗ ನಟ್ಟೈತಿ, ನಿನಗ ನಟ್ಟೈತಿ."